ಬೀಗರಿಗೆ ತೋರಿಸಿದ ನನ್ನ ಎದೆ

ನನ್ನ ಎದೆಯಲ್ಲಿ ಏನೂ ಇಲ್ಲ ಎಂದು ಬಾಯಿಮಾತಿನಲ್ಲಿ ಹೇಳುವವರು ಬಹಳ ಮಂದಿ. ಬಣ್ಣದ ಚಿತ್ರ ತೋರಿಸಿ ಸಾಬೀತು ಮಾಡಲು ಹೊರಟವನು ನಾನೊಬ್ಬನೇ!

ನಮ್ಮ ಮಗಳು ವೀಣಾಳಿಗೆ ಖಾನಾಪುರದ ಸಂಬಂಧ ಕೂಡಿಬಂದಿತ್ತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನಾವು ಶಹಾಪುರದಿಂದ ಹೋಗಿ ಅವರ ಮನೆ ನೋಡಿಕೊಂಡೂ ಬಂದೆವು. ಬಂದ ಮೇಲೆ ನನಗೆ ಕೆಮ್ಮು ಹತ್ತಿತು. ಕಷಾಯಕ್ಕೂ ಬಗ್ಗಲಿಲ್ಲ, ಗುಳಿಗೆಗೂ ಬಗ್ಗಲಿಲ್ಲ. ಬೀಗರು ಫೋನ್ ಮಾಡಿದರೆ ನಾನು ಆಡುವುದು ಎರಡು ಮಾತು, ಉಳಿದ ಹೊತ್ತೆಲ್ಲ ಕೆಮ್ಮು. ಕ್ರಮೇಣ ಅವರ ಫೋನೇ ನಿಂತಿತು. ಈ ಸಂಬಂಧ ತಂದಿದ್ದ ನನ್ನ ತಂಗಿ ಕಡೆಗೆ ಬಾಯಿ ಬಿಟ್ಟಳು.

“ಅಣ್ಣಾ, ಇಷ್ಟ ವರ್ಷ ಉದ್ಯಮಬಾಗದಾಗ ಎರಕದ ಫೌಂಡ್ರಿ ಕೆಲಸಾ ಮಾಡಿ, ಧೂಳು ಕುಡದ ಕುಡದ ನಿನ್ನ ಎದಿ ಕೆಟ್ಟೇತಿ ಅಂತ ಅವರಿಗೆ ಸಂಶೆ. ಮನೆತನದ ಬ್ಯಾನಿ ಏನೋ ಅಂತ ಕೇಳಾಕತ್ತಾರ.”

ವೀಣಾ ಊಟ ಬಿಟ್ಟಳು. ಹೆಂಡತಿ ಶಾಂತಾ ಮಾತು ಬಿಟ್ಟಳು. ಕೆಮ್ಮು ಮಾತ್ರ ನನ್ನನ್ನು ಬಿಡಲಿಲ್ಲ!

ಡಾಕ್ಟರು ಎಕ್ಸ್‌ರೇ ನೋಡಿದರು. “ಇದು ಸ್ವಚ್ಛ ಐತಿ. ಆದರ ಬಲಗಡೆ ಉಸಿರಿನ ಸಪ್ಪಳ ಬ್ಯಾರೆ ಬರಾಕತ್ತೇತಿ. ಸಿಟಿ ಸ್ಕ್ಯಾನ್ ಮಾಡಸ್ರಿ. ಉಸಿರಿನ ಕೊಳವಿ ಒಳಗ ಹೊಕ್ಕು ನೋಡಿದಂಗ ತ್ರೀ-ಡಿ ಚಿತ್ರ ಬರ್ತಾವು” ಎಂದರು. ನನ್ನ ಕಿವಿಗೆ ಬಿದ್ದದ್ದು ‘ಸ್ವಚ್ಛ’ ಮತ್ತು ‘ಚಿತ್ರ’ ಎರಡೇ. ಕಪ್ಪು ಎಕ್ಸ್‌ರೇಯನ್ನು ಬೀಗರು ನಂಬಲಿಕ್ಕಿಲ್ಲ. ಬಣ್ಣದ ತ್ರೀ-ಡಿ ಕಂಡರೆ ನಂಬಲೇಬೇಕು!

ಯಂತ್ರದಲ್ಲಿ ಮಲಗಿಸಿ ಉಸಿರು ಬಿಗಿ ಹಿಡಿಯಲು ಹೇಳಿದರು. ಮಗಳ ಮದುವೆಯನ್ನು ನೆನೆದು ಹಿಡಿದೆ. ಎಷ್ಟು ನಿಷ್ಠೆಯಿಂದ ಹಿಡಿದೆನೆಂದರೆ, ಯಂತ್ರ ನಿಂತರೂ ಬಿಡಲಿಲ್ಲ. “ಯಜಮಾನ್ರ, ಮುಗೀತ್ರಿ! ಉಸಿರು ಬಿಡ್ರಿ!” ಎಂದು ಅಲ್ಲಿಯವರು ಓಡಿ ಬಂದು ಭುಜ ಅಲ್ಲಾಡಿಸಬೇಕಾಯಿತು.

ಫಿಲ್ಮು ಮೊದಲು ಕೈಗೆ ಬಂತು, ವರದಿ ಸಂಜೆಗೆ ಎಂದರು. ಅಲ್ಲಿಯ ತನಕ ಕಾಯುವ ಜಾಯಮಾನ ನಮ್ಮದಲ್ಲ.

“ಡಾಕ್ಟರು ನೋಡೂತನ ತಡೀರಿ. ಆತುರಗಾರಗ ಬುದ್ಧಿ ಮಟ್ಟ ಅಂತಾರ” ಎಂದಳು ಶಾಂತಾ.

“ವರದಿ ನೀನ ಇಸ್ಕೊಂಡು ಡಾಕ್ಟರಿಗೆ ತೋರಸು. ಎದಿ ನಂದು, ನನಗ ಗೊತ್ತಿಲ್ಲೇನು?” ಎಂದು ಖಾನಾಪುರದ ಬಸ್ಸು ಹತ್ತಿದೆ.

ಬೀಗರ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಸೇರಿದರು. ನಾನು ಕಿಟಕಿಯ ಬೆಳಕಿಗೆ ಫಿಲ್ಮು ಹಿಡಿದು, ಕೆಮ್ಮುಗಳ ಮಧ್ಯೆ ಉಪನ್ಯಾಸ ಆರಂಭಿಸಿದೆ. “ಇದು ಶ್ವಾಸನಾಳ. ಇಲ್ಲಿ ಎರಡು ಕವಲಾಗಿದೆ. ಧೂಳಿನ ಒಂದು ಕಣವಾದರೂ ಕಾಣುತ್ತದೆಯೇ? ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು!”

ಬೀಗರು ಕನ್ನಡಕ ಏರಿಸಿ, “ಭಾಳ ಚಂದ ಬಂದೇತ್ರಿ” ಎಂದರು. ಅವರ ಮುದಿ ತಾಯಿ ಮಾತ್ರ, “ಇಷ್ಟ ಮಂದಿ ಮುಂದ ಒಳಗಿಂದೆಲ್ಲ ತೋರಸಾಕತ್ತಾನಲ್ಲ, ನಾಚಿಕಿ ಇಲ್ಲೇನ ಈ ಮನಷ್ಯಾಗ?” ಎಂದು ಸೆರಗು ಮುಖಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಶಾಂತಾಳ ಫೋನು. ಶುಭವಾರ್ತೆ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ರೀ, ಬಲಗಡೆ ಕೊಳವ್ಯಾಗ ಏನೋ ಸಿಕ್ಕೊಂಡೇತಂತ! ಕಾಳಿನಂಗ ಕಾಣತೈತಂತ. ನಾಳೆ ದುರ್ಬೀನು ಹಾಕಿ ತಗೀಬೇಕಂತ. ಏನರ ತಿನ್ನೂವಾಗ ನೆತ್ತಿಗೆ ಹತ್ತಿತ್ತೇನು ಅಂತ ಡಾಕ್ಟರು ಕೇಳಾಕತ್ತಾರ!”

ಈ ಸಂಬಂಧ ಮುರಿದರೆ ವೀಣಾಳಿಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತ ಫಿಲ್ಮು ಕೆಳಗಿಳಿಸಿದೆ. ಆಗ ನೆನಪಾಯಿತು. ಮನೆ ನೋಡಲು ಬಂದ ದಿನ, ಇದೇ ಪಡಸಾಲೆಯಲ್ಲಿ, ಶೇಂಗಾ ಹಾಕಿದ ಅವಲಕ್ಕಿ ಚೂಡಾ ಬಾಯಿತುಂಬ ತುಂಬಿಕೊಂಡು, ‘ನಮ್ಮ ಮನೆತನದಾಗ ದವಾಖಾನಿ ಮೆಟ್ಟಲಾ ಹತ್ತಿದವರ ಇಲ್ಲರೀ’ ಎಂದು ಸಾರುತ್ತಿದ್ದೆ. ಅರ್ಧ ಮಾತಿಗೇ ಕೆಮ್ಮು ಬಂತು. ಬೀಗಿತ್ತಿ ನೀರು ಕೊಟ್ಟು, ‘ಯಾರೋ ನೆನಸಾಕತ್ತಾರ’ ಎಂದಿದ್ದರು. ಹೊಸ ಬೀಗರ ಮುಂದೆ ಮರ್ಯಾದೆ ಹೋದೀತೆಂದು ನಾನು ‘ಇಳೀತ್ರಿ, ಇಳೀತು’ ಎಂದಿದ್ದೆ. ಇಳಿದದ್ದು ಖರೆ. ದಾರಿ ಬೇರೆ!

ಎಲ್ಲವನ್ನೂ ಹೇಳಿಬಿಟ್ಟೆ.

“ಅಯ್ಯ ನಮ್ಮವ್ವ! ನಮ್ಮ ಮನಿ ಶೇಂಗಾರೀ?” ಎಂದು ಬೀಗಿತ್ತಿ ಬಾಯಿಗೆ ಕೈ ಇಟ್ಟರು.

ಬೀಗರು ಹಣೆ ಬಡಿದುಕೊಂಡರು. “ನಾವ ತಿನಿಸಿ ನಾವ ಸಂಶೆ ಪಟ್ಟಿವಲ್ಲ್ರೀ! ಮೊದಲ ಅದನ್ನ ತಗಸ್ಕೊಳ್ರಿ. ಆಮ್ಯಾಲೆ ನಿಶ್ಚಯದ ದಿನಾ ನೋಡೂಣು.”

ಮರುದಿನ ಅರ್ಧ ಶೇಂಗಾಕಾಳು ಹೊರಬಂತು. ಕೆಮ್ಮು ಅಡಗಿತು. ವೀಣಾ ನಕ್ಕಳು, ನನಗೆ ಹೋದ ಜೀವ ಬಂದಂತಾಯಿತು. ಬೀಗರ ಷರತ್ತು ಒಂದೇ: “ಹೊಟ್ಟಿತುಂಬ ಉಣ್ರಿ. ಉಣ್ಣೂವಾಗ ಮನೆತನದ ಸುದ್ದಿ ಮಾತ್ರ ಹೇಳಬ್ಯಾಡ್ರಿ.”

ನಿಶ್ಚಯದ ಊಟದಲ್ಲಿ ಬಾಯಿತುಂಬ ಹೋಳಿಗೆ ಇಟ್ಟುಕೊಂಡು, ಕೇಳಿದ್ದಕ್ಕೆಲ್ಲ ಬರೀ ತಲೆ ಆಡಿಸಿದೆ. ಎದುರು ಸಾಲಿನಲ್ಲಿ ಯಾರೋ, “ಹುಡುಗಿ ಅಪ್ಪ ಭಾಳ ತೂಕದ ಮನಷ್ಯಾ ನೋಡ್ರಿ” ಎಂದರು.

ಶಾಂತಾ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು: “ಜಲ್ಮದಾಗ ಮೊದಲನೇ ಸಲ ನಿಮ್ಮನ್ನ ಮಂದಿ ಹೊಗಳ್ಯಾರ. ತಡೀರಿ, ಇನ್ನೆರಡ ಹೋಳಿಗಿ ಹಾಕಸ್ತೇನಿ!”