ನಮ್ಮ ಮನೆಗೆ ಸರ್ಕಾರಿ ಚಾನಲ್ ಬಂದ ಭಾನುವಾರ

ನಾನು ಕೈ ಹಾಕಿದ ಕೆಲಸ ಯಾವತ್ತೂ ಸಲೀಸಾಗಿ ಮುಗಿದಿದ್ದಿಲ್ಲ. ಆದ್ರೆ ಮುಗಿಸದೇ ಬಿಟ್ಟಿದ್ದೂ ಇಲ್ಲ, ಜರಗನಹಳ್ಳೀಲಿ ಯಾರನ್ನ ಬೇಕಾದ್ರೂ ಕೇಳಿ.

ಸರ್ಕಾರಿ ಚಾನಲ್ಲಿನೋರು ಅಡುಗೆ ಕಾರ್ಯಕ್ರಮಕ್ಕೆ ಕರೆಸಿ ನನ್ನ ಕೈಲಿ ಬಸ್ಸಾರು ಮಾಡಿಸಿದ್ರು. ಭಾನುವಾರ ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಇನ್ನೊಂದ್ಸಲ ಹಾಕ್ತೀವಿ ಅಂದ್ರು. ಬೇಗೂರಲ್ಲಿರೋ ವಾರಗಿತ್ತಿಗೆ, ಅಂದ್ರೆ ನನ್ನ ಮೈದುನನ ಹೆಂಡತಿಗೆ, ತಕ್ಷಣ ಫೋನ್ ಮಾಡಿ ಹೇಳಿದೆ. "ಆ ಚಾನಲ್ಲಾ? ಅದನ್ನ ಈಗ ಯಾರಕ್ಕಾ ನೋಡ್ತಾರೆ?" ಅಂದ್ಲು. ಮೈಯೆಲ್ಲಾ ಉರಿದುಹೋಯ್ತು. ಇವಳನ್ನ ನನ್ನ ಹಾಲಲ್ಲಿ, ನನ್ನ ಸೋಫಾ ಮೇಲೆ ಕೂರಿಸಿ ತೋರಿಸ್ಲಿಲ್ಲ ಅಂದ್ರೆ ನಾನು ನಾನೇ ಅಲ್ಲ ಅಂದ್ಕೊಂಡೆ.

ಒಂದು ಸಣ್ಣ ವಿಷ್ಯ ಇತ್ತು. ಶೂಟಿಂಗಲ್ಲಿ ಮಾತಿನ ಭರದಲ್ಲಿ, "ನಮ್ಮ ವಾರಗಿತ್ತಿ ಬಸ್ಸಾರಲ್ಲಿ ಉಪ್ಪು ಹುಡುಕೋಕೆ ಟಾರ್ಚ್ ಹಿಡೀಬೇಕು" ಅಂದುಬಿಟ್ಟಿದ್ದೆ. ನಿರೂಪಕಿ ನಕ್ಕು, "ಅದನ್ನ ಕಟ್ ಮಾಡ್ತೀವಿ ಮೇಡಂ" ಅಂದಿದ್ಲು. ಸರ್ಕಾರಿ ಚಾನಲ್ಲು, ನಂಬದೇ ಇರೋಕಾಗುತ್ತಾ?

ವೈರು

ನಮ್ಮನೇಲಿ ಕೇಬಲ್ ನೋಡೋದು ಬಿಟ್ಟು ವರ್ಷಗಳಾಗಿತ್ತು. ಶನಿವಾರ ಕೇಬಲ್ಲಿನೋನನ್ನ ಕರೆಸಿದೆ. "ಆ ಚಾನಲ್ಲಾ ಆಂಟಿ? ಇರುತ್ತೆ. ಎಷ್ಟನೇ ನಂಬರಲ್ಲಿದೆ ಅಂತ ಗೊತ್ತಿಲ್ಲ, ಯಾರೂ ಕೇಳಿದ್ದೇ ಇಲ್ಲ" ಅಂತ ವಾರಗಿತ್ತಿ ರಾಗವನ್ನೇ ಹಾಡಿದ.

ಹಳೇ ವೈರ್ ಹುಡುಕ್ತಾ ತಾರಸಿಗೆ ಹೋದೋನು ಅಲ್ಲಿಂದಲೇ ಕೂಗಿದ, "ಆಂಟಿ, ವೈರ್ ಸಿಕ್ತು! ಅಂಕಲ್ ಪಂಚೆ ಒಣಗ್ತಾ ಇದೆ ಅದ್ರ ಮೇಲೆ!"

ಹೌದು, ಎರಡು ಕಂಬಕ್ಕೆ ಬಿಗಿದು ಕಟ್ಟಿದ್ದೋಳು ನಾನೇ. ಗಟ್ಟಿಮುಟ್ಟಾದ ವೈರು, ಸುಮ್ಮನೆ ಯಾಕೆ ಹಾಳಾಗ್ಲಿ?

"ಇದನ್ನ ಬಿಚ್ಚಿ ಎಳೀಲಾ?"

"ಬೇಡಪ್ಪ. ನಮ್ಮ ಯಜಮಾನ್ರು ಚಾನಲ್ ಇಲ್ದೆ ಇರ್ತಾರೆ, ಪಂಚೆ ಇಲ್ದೆ ಹೆಂಗಿರ್ತಾರೆ?"

ತಟ್ಟೆ

ಕೆಳಗಡೆ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ತಿಂಗಳ ಬಾಡಿಗೆ ಇಲ್ಲದ ಪುಕ್ಕಟೆ ಡಿಶ್ಶನ್ನ ನಮ್ಮ ತಾರಸಿ ಮೇಲೆ ಹಾಕಿಸ್ಕೊಂಡಿದ್ರು. ಅದರಲ್ಲಿ ಸರ್ಕಾರಿ ಚಾನಲ್ ಚೆನ್ನಾಗಿ ಬರುತ್ತೆ ಅಂತ ಗೊತ್ತಾಯ್ತು. ವಾರಗಿತ್ತಿಗೆ ಆಮೇಲೆ ತೋರಿಸಿದ್ರಾಯ್ತು, ಮೊದಲು ನಾನು ನೋಡ್ಕೊಳ್ಳೋಣ ಅಂತ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ಅವರ ಮನೆಯಲ್ಲಿ ಹೋಗಿ ಕೂತೆ. ಟೀವಿ ತುಂಬಾ ಬರೀ ನೀಲಿ. ಆ ಹುಬ್ಬಳ್ಳಿ ಹುಡುಗ ತಾರಸಿಗೆ ಓಡಿ ವಾಪಸ್ ಬಂದ.

"ಅಕ್ಕಾರ, ಡಿಶ್ಶಿನ್ಯಾಗ ಸಂಡಿಗಿ ಹಾಕಿದವರು ಯಾರ್ರೀ?"

"ನಾನೇ ಕಣಪ್ಪ. ಬಿಸಿಲು ಅಲ್ಲೇ ಚೆನ್ನಾಗಿ ಬೀಳೋದು."

"ಹಾಕ್ರಿ, ಬ್ಯಾಡನ್ನಂಗಿಲ್ಲ. ಡಿಶ್ಶನ್ನ ನೆಟ್ಟಗ ಮ್ಯಾಲಕ್ಕ ಯಾಕ ತಿರುಗಿಸೀರಿ?"

"ಇಲ್ಲಾಂದ್ರೆ ಜಾರಿ ಬೀಳಲ್ವಾ?"

ಅವನು ತಾರಸಿ ಮೇಲೆ ತಿರುಗಿಸ್ತಾ, ಹೆಂಡತಿ ಕೆಳಗಿಂದ "ಇನ್ನೂ ಇಲ್ಲರಿ!" ಅಂತ ಕೂಗ್ತಾ, ಚಿತ್ರ ಬರೋ ಹೊತ್ತಿಗೆ ನನ್ನ ಬಸ್ಸಾರು ಮುಗಿದು ರೇಷ್ಮೆ ಹುಳ ಸಾಕಾಣಿಕೆ ಶುರುವಾಗಿತ್ತು. ಅಳುನೇ ಬಂತು. ಸಂಡಿಗೆ ಮಾತ್ರ ಸಖತ್ತಾಗಿ ಒಣಗಿತ್ತು.

ಇಂಟರ್‌ನೆಟ್ಟು

ಮಧ್ಯಾಹ್ನದ್ದೇ ಕೊನೇ ಅವಕಾಶ. ಓನರ್ ಆಗಿ ಬಾಡಿಗೆಯವರ ಹಾಲಲ್ಲಿ ಕೂರಿಸಿ ವಾರಗಿತ್ತಿಗೆ ತೋರ್ಸೋಕಾಗುತ್ತಾ? ಆಗ ನಮ್ಮ ಯಜಮಾನ್ರು ಪೇಪರ್ ಮಡಚಿಟ್ಟು, ಫೋನಲ್ಲಿ ಏನೋ ಒತ್ತಿದ್ರು. ನಮ್ಮ ದೊಡ್ಡ ಟೀವೀಲಿ ಸರ್ಕಾರಿ ಚಾನಲ್ ಫಳಫಳ ಅಂತ ಬಂತು.

"ಇದು ಗೊತ್ತಿತ್ತೇನ್ರಿ ನಿಮಗೆ?"

"ಮೊದಲಿಂದ್ಲೂ ಗೊತ್ತಿತ್ತು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನೀನು ಬಿಡೋಕೆ ಬಿಟ್ಟಿದ್ರೆ ತಾನೇ."

ಟಾರ್ಚು

ಕರೆದಿದ್ದ ಹೊತ್ತಿಗೆ ಸರಿಯಾಗಿ ವಾರಗಿತ್ತಿ ಬಂದ್ಲು. ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಸ್ಟೀಲ್ ಡಬ್ಬಿ. "ಏನೇ ಅದು?" ಅಂದ್ರೆ, "ಆಮೇಲೆ ಹೇಳ್ತೀನಕ್ಕ" ಅಂತ ಸೋಫಾ ಮೇಲೆ ಕೂತ್ಲು. ನನ್ನ ಸೋಫಾ! ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಕಾರ್ಯಕ್ರಮದ ಮ್ಯೂಸಿಕ್ ಕೆಳಗಡೆ ಮನೆಯಿಂದ ಮೊದಲು ಕೇಳಿಸ್ತು. "ಅವರದ್ದು ಡಿಶ್ಶು, ನಮ್ದು ಇಂಟರ್‌ನೆಟ್ಟು. ನಮಗೆ ಅರ್ಧ ನಿಮಿಷ ತಡವಾಗಿ ಬರುತ್ತೆ" ಅಂದ್ರು ಯಜಮಾನ್ರು. ಬರ್ಲಿ ಬಿಡಿ ಅಂದೆ. ಆಮೇಲೆ ನಾನೂ ಬಂದೆ. ಸೊಪ್ಪು ಬಸಿದೆ, ಖಾರ ರುಬ್ಬಿದೆ. ವಾರಗಿತ್ತಿ ಬಾಯಿ ಬಿಡದೆ ನೋಡ್ತಿದ್ಲು. ಹೊಟ್ಟೆ ತಣ್ಣಗಾಯ್ತು.

ಅಷ್ಟರಲ್ಲಿ ಕೆಳಗಡೆ ಗಂಡ ಹೆಂಡತಿ ಇಬ್ಬರೂ ಹೋ ಅಂತ ನಕ್ಕರು. ಬಸ್ಸಾರಲ್ಲಿ ನಗೋಂಥದ್ದು ಏನಿದೆ? ಕಟ್ ಮಾಡಿಲ್ಲ! ಟಾರ್ಚಿನ ಮಾತು ಮೆಟ್ಟಿಲು ಹತ್ತಿ ಬರ್ತಾ ಇದೆ!

ಎದ್ದೋಳೇ ಟೀವಿ ಪ್ಲಗ್ ಕಿತ್ತು, "ಅಯ್ಯೋ, ಕರೆಂಟ್ ಹೋಯ್ತು!" ಅಂದೆ.

ಯಜಮಾನ್ರು ತಲೆ ಎತ್ತಿ ನೋಡಿದ್ರು. "ಫ್ಯಾನ್ ತಿರುಗ್ತಾ ಇದೆಯಲ್ಲೇ?"

"ಅದು ಇನ್ನೇನು ನಿಲ್ಲುತ್ತೆ, ಸುಮ್ಮನಿರಿ."

ವಾರಗಿತ್ತಿ ನಿಧಾನಕ್ಕೆ, "ಇರ್ಲಿ ಬಿಡಕ್ಕ, ನಾನು ಬೆಳಿಗ್ಗೇನೇ ಪೂರ್ತಿ ನೋಡ್ದೆ" ಅಂದ್ಲು.

"ಆ ಚಾನಲ್ ಯಾರೂ ನೋಡಲ್ಲ ಅಂದಿದ್ದೆ?"

"ಬೇರೆಯೋರು ನೋಡಲ್ಲಕ್ಕ. ನಮ್ಮನೇಲಿ ದಿನಾ ಅದೇ."

ಡಬ್ಬಿ ಮುಚ್ಚಳ ತೆಗೆದ್ಲು. ಬಿಸಿಬಿಸಿ ಬಸ್ಸಾರು. ಆಮೇಲೆ ಬ್ಯಾಗಿಗೆ ಕೈ ಹಾಕಿ ಟಾರ್ಚ್ ತೆಗೆದು, ಸ್ವಿಚ್ ಒತ್ತಿ, ಡಬ್ಬಿ ಪಕ್ಕ ಇಟ್ಲು.

"ಹೇಗೂ ಕರೆಂಟಿಲ್ಲ, ಹುಡುಕಕ್ಕ."