ದೊಡ್ಡಮ್ಮನ ಖಾಲಿ ಸೀಸೆಗಳು

ನಮ್ಮ ದೊಡ್ಡಮ್ಮನ ಮನೆಯಲ್ಲಿ ಮೂವತ್ತೊಂದು ಸೀಸೆಗಳಿದ್ದವು, ಮೂವತ್ತೊಂದೂ ಖಾಲಿ! ತಪ್ಪು ತಿಳಿಯಬೇಡಿ. ಏಕಾದಶಿಯ ದಿನ ನೀರನ್ನೂ ಯೋಚನೆ ಮಾಡಿ ಕುಡಿಯುತ್ತಿದ್ದ ಹೆಂಗಸು ಆಕೆ. ಆದರೂ ಗೌರಿಬಿದನೂರಿನಲ್ಲಿ ರೈಲು ಇಳಿದು "ಸೀಸೆಯಮ್ಮನ ಮನೆ ಎಲ್ಲಿ?" ಎಂದು ಕೇಳಿದರೆ ಜಟಕಾ ಗಾಡಿಯ ಕುದುರೆಗೂ ದಾರಿ ಗೊತ್ತಿತ್ತು. ನಿಜವಾದ ಹೆಸರು ಹೇಳಿ ಕೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಅದನ್ನು ಹೇಳುವುದಿಲ್ಲ. ಹೇಳಿದರೆ ಮೇಲಿನಿಂದಲೇ ಒಂದು ಸೀಸೆ ಎಸೆದಾಳು. ಇಲ್ಲ, ಎಸೆಯಲಾರಳು, ಒಡೆದುಹೋಗುತ್ತದಲ್ಲ!

ಈಗಿನವರಿಗೆ ಇದು ತಿಳಿಯಬೇಕಾದರೆ ಆ ಕಾಲದ ಆಸ್ಪತ್ರೆಯ ಪದ್ಧತಿ ಹೇಳಬೇಕು. ಅರವತ್ತರ ದಶಕದ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಮದ್ದು ಪುಕ್ಕಟೆ, ಸೀಸೆ ಮಾತ್ರ ನಮ್ಮದು. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ನೀರನ್ನೋ ಬಿಳಿ ನೀರನ್ನೋ ನಮ್ಮ ಸೀಸೆಗೆ ಬಗ್ಗಿಸಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಬೆನ್ನಿಗೆ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲಿಗೆ ಒಂದು ವೇಳೆಯ ಮದ್ದು. ಸೀಸೆ ತರದವರು ವಾಪಸ್! ಬೊಗಸೆ ಒಡ್ಡಿ ಹಿಡಿದುಕೊಂಡು ಹೋಗುವುದಕ್ಕೆ ಅದೇನು ತೀರ್ಥವೇ? ಬಡವರ ಮನೆಯಲ್ಲಿ ಇದ್ದದ್ದೇ ಒಂದು ಸೀಸೆ, ಅದರಲ್ಲಿ ಸೀಮೆಎಣ್ಣೆ. ಅದನ್ನು ಸುರಿದು ಮದ್ದು ತರುವುದೋ, ದೀಪ ಹಚ್ಚುವುದೋ? ಬಹಳ ಜನ ದೀಪವನ್ನೇ ಹಚ್ಚಿ, ಅದರ ಬೆಳಕಿನಲ್ಲಿ ಕೆಮ್ಮುತ್ತ ಕುಳಿತಿರುತ್ತಿದ್ದರು. ಅಂಥವರಿಗೆ ಎರವಲು ಸೀಸೆ ಕೊಡುವುದೇ ದೊಡ್ಡಮ್ಮನ ಕಸುಬು.

ಗೌರಿಬಿದನೂರಿನ ಮಿಡ್ಲ್ ಸ್ಕೂಲಿನಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿದಾಗ ಇಪ್ಪತ್ತೆರಡು ವಯಸ್ಸು. ಪೆರೇಸಂದ್ರದಿಂದ ಟ್ರಂಕು ಹೊತ್ತುಕೊಂಡು ಬಂದು ದೊಡ್ಡಮ್ಮನ ಮನೆಯಲ್ಲಿ ಇಳಿದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ದೊಡ್ಡಪ್ಪ ತೀರಿಕೊಂಡು ಆರೇಳು ವರ್ಷವಾಗಿತ್ತು. ಮಕ್ಕಳಿಲ್ಲ. ಹಿಂದಿನ ಕೋಣೆಯ ಬಾಡಿಗೆಯಲ್ಲಿ ಆಕೆಯ ಜೀವನ. ಬಂದವನ ಯೋಗಕ್ಷೇಮ ಕೇಳುವುದು ಬಿಟ್ಟು ಮೊದಲು ಟ್ರಂಕು ತೆಗೆಸಿದಳು. ನನ್ನ ತಲೆಗೆಣ್ಣೆಯ ಸೀಸೆ ಕಂಡದ್ದೇ ಆಕೆಯ ಕಣ್ಣು ಅರಳಿತು.

"ಇದು ಯಾವಾಗ ಖಾಲಿಯಾಗುತ್ತೋ?"

"ಎರಡು ತಿಂಗಳು ಬರುತ್ತೆ ದೊಡ್ಡಮ್ಮ."

"ಅಷ್ಟು ದಿನಾನಾ? ಅಯ್ಯೋ, ನಿನ್ನ ತಲೆ ನೋಡು, ಹೆಂಗೆ ಒಣಗೋಗಿದೆ!"

ಮಾರನೆಯ ದಿನದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನನ್ನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಒತ್ತಿದಳು. ತಾಯಿಯ ಪ್ರೀತಿ ಅಂದರೆ ಇದೇ ಎಂದು ನನ್ನ ಕಣ್ಣು ತೇವವಾಯಿತು. ಭಾವುಕತೆ ಅರ್ಧ, ಕಣ್ಣಿಗೆ ಇಳಿದ ಎಣ್ಣೆ ಅರ್ಧ! ಶಾಲೆಯಲ್ಲಿ ಹೆಡ್‌ಮೇಷ್ಟ್ರು ನನ್ನ ಕಾಲರು ನೋಡಿ, "ಏನ್ರೀ, ಗಾಣದಿಂದ ನೇರವಾಗಿ ಬರ್ತಿದೀರಾ?" ಎಂದರು. ಎಂಟೇ ದಿನಕ್ಕೆ ಎಣ್ಣೆ ಮುಗಿಯಿತು. ಒಂಬತ್ತನೆಯ ದಿನ ನನ್ನ ತಲೆಯನ್ನು ಕೇಳುವವರೇ ಇಲ್ಲ. ಸೀಸೆ ಮಾತ್ರ ಸೀಗೆಪುಡಿಯ ಸ್ನಾನ ಮುಗಿಸಿ ಅಂಗಳದ ಬಿಸಿಲಿನಲ್ಲಿ ಕುಳಿತಿತ್ತು.

ಸೀಸೆ ಕೇಳಿದ ಕೂಡಲೇ ಕೊಟ್ಟುಬಿಡುವಳು ಅಂದುಕೊಂಡಿರಾ? ಮೊದಲು ಜಗಲಿಯ ಮೇಲೆ ವಿಚಾರಣೆ. ಗಡಿಯ ಕಡೆಯ ಹಳ್ಳಿಯ ಹೆಂಗಸೊಬ್ಬಳು ಬಂದು, "ಅಮ್ಮಾ, ಸೀಸಾ ಉಂದಾ?" ಎನ್ನುವಳು.

"ಇದೆ, ಕೂತ್ಕೊ. ಯಾರಿಗಮ್ಮ?"

"ಮಾ ಆಯನಕಿ. ದಗ್ಗು."

"ನಿನ್ನ ಗಂಡನಿಗಾ? ಕೆಮ್ಮಾ? ಎಷ್ಟು ದಿನದಿಂದ? ರಾತ್ರಿ ಜಾಸ್ತೀನಾ, ಹಗಲು ಜಾಸ್ತೀನಾ? ಬೀಡಿ ಸೇದ್ತಾನಾ? ಸೇದದೆ ಏನು! ಊಟ ಮಾಡ್ತಾನಾ?"

ಅವಳು ತೆಲುಗಿನಲ್ಲಿ ಹೇಳುವುದು, ಇವಳು ಕನ್ನಡದಲ್ಲಿ ಕೇಳುವುದು. ನಮ್ಮ ಕಡೆ ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡಾಕ್ಟರು ಒಂದು ನಿಮಿಷ ನೋಡಿದರೆ ದೊಡ್ಡಮ್ಮ ಅರ್ಧ ಗಂಟೆ ನೋಡುತ್ತಿದ್ದಳು. ಬಂದವರಿಗೆ ಅರ್ಧ ಕಾಯಿಲೆ ಜಗಲಿಯ ಮೇಲೇ ವಾಸಿ! ಆಮೇಲೆ ಒಳಗೆ ಹೋಗಿ ಕಾಯಿಲೆಗೆ ತಕ್ಕ ಸೀಸೆ ಆರಿಸುವಳು. ಕೆಮ್ಮಿಗೆ ಗಿಡ್ಡ ಸೀಸೆ, ಹೊಟ್ಟೆಗೆ ಚಪ್ಪಟೆ ಸೀಸೆ, ಜ್ವರಕ್ಕೆ ಪಚ್ಚೆ ಸೀಸೆ.

ಈ ಪಚ್ಚೆ ಸೀಸೆಯ ಕೀರ್ತಿ ದೊಡ್ಡದು. ಹಿಂದೊಮ್ಮೆ ರೈಲ್ವೆ ಗ್ಯಾಂಗಿನವನೊಬ್ಬನ ಮಗಳಿಗೆ ಇಪ್ಪತ್ತು ದಿನದಿಂದ ಬಿಡದ ಜ್ವರ, ಅದರಲ್ಲಿ ಮದ್ದು ತಂದು ಕುಡಿಸಿದ ಮೇಲೆ ಬಿಟ್ಟಿತಂತೆ. ಅಲ್ಲಿಗೆ ಬೀದಿಯವರೆಲ್ಲ ಕೂತು ತರ್ಕ ಮಾಡಿದರು. ಜಾಡಿ ಒಂದೇ, ಮದ್ದು ಒಂದೇ, ಕಾಂಪೌಂಡರೂ ಒಬ್ಬರೇ. ಆದರೂ ಒಬ್ಬರಿಗೆ ಬೇಗ ವಾಸಿ, ಒಬ್ಬರಿಗೆ ತಡ. ವ್ಯತ್ಯಾಸ ಸೀಸೆಯಲ್ಲಿಲ್ಲದೆ ಇನ್ನೆಲ್ಲಿರಬೇಕು? ಡಾಕ್ಟರಿಗೆ ಕೈಗುಣ ಇದ್ದ ಹಾಗೆ ಸೀಸೆಗೂ ಒಂದು ಗುಣ! ಈ ತರ್ಕವನ್ನು ಮುರಿಯಲು ವಿಜ್ಞಾನದ ಮೇಷ್ಟ್ರಾದ ನಾನು ಮೂರು ಸಂಜೆ ಹೆಣಗಿದೆ. ನಾಲ್ಕನೆಯ ಸಂಜೆ ನನಗೇ ಜ್ವರ ಬಂತು. "ಪಚ್ಚೆ ಸೀಸೆ ಇದೆಯಾ ದೊಡ್ಡಮ್ಮ?" ಎಂದು ನಾನೇ ಕೇಳಿದೆ, ಇನ್ನೇನು ಮಾಡಲಿ!

ಆ ಸೀಸೆಗಾಗಿ ಜಗಳಗಳೂ ಆಗುತ್ತಿದ್ದವು. ಒಂದು ದಿನ ಕಿರಾಣಿ ಅಂಗಡಿ ಶೆಟ್ಟರ ತಾಯಿಯೂ ಟೈಲರ್ ಸಾಹೇಬರೂ ಒಟ್ಟಿಗೇ ಬಂದರು. ಶೆಟ್ಟರ ಅಂಗಡಿಯಲ್ಲಿ ಸೀಸೆಗೇನು ಬರವೇ? ಆದರೂ ಆಕೆಗೆ ಇದೇ ಬೇಕು.

"ಅಮ್ಮಾ, ನಮ್ ಹುಡುಗಿಗೆ ಮೈ ಸುಡ್ತಾ ಇದೆ," ಎಂದರು ಸಾಹೇಬರು. "ಇವ್ರಿಗೆ ಬರೀ ತೇಗು!"

"ತೇಗು ಅಂದ್ರೆ ಸಾಮಾನ್ಯಾನೇನ್ರೀ? ಎದೆವರೆಗೂ ಬರುತ್ತೆ!" ಎಂದು ಶೆಟ್ಟರ ತಾಯಿ ಸಾಕ್ಷಿಗೆ ಒಮ್ಮೆ ತೇಗಿಯೂ ತೋರಿಸಿದರು.

ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಟ್ಟಳು: "ಇದು ಹೊಟ್ಟೇದು ಕಣ್ರೀ. ಚಪ್ಪಟೆ ಸೀಸೆ ತಗೊಳ್ಳಿ, ಅವರೆಕಾಳು ಸಾರು ಬಿಡಿ." ಶೆಟ್ಟರ ತಾಯಿ ಎರಡು ತಿಂಗಳು ಆಕೆಯೊಡನೆ ಮಾತು ಬಿಟ್ಟರು. ಅವರೆಕಾಳು ಬಿಡಲಿಲ್ಲ.

ಸೀಸೆ ತೆಗೆದುಕೊಂಡು ಹೋದವರು ಅದನ್ನು ಬರಿದಾಗಿ ವಾಪಸ್ ತರುತ್ತಿರಲಿಲ್ಲ. ನಮ್ಮ ಕಡೆ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯೇ ಇಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಸೀಸೆಗೂ ಅದೇ ನಿಯಮ. ಹುರುಳಿಕಾಳು, ಸಾಸಿವೆ, ಜೇನು, ಹರಳೆಣ್ಣೆ, ಯಾರ ಹತ್ತಿರ ಏನಿದೆಯೋ ಅದು ತುಂಬಿಕೊಂಡು ಬರುತ್ತಿತ್ತು. "ಸೀಸೆಯಮ್ಮಂದು ಒಳ್ಳೇ ವ್ಯಾಪಾರ!" ಎಂದು ಆಡಿಕೊಳ್ಳುವವರೂ ಇದ್ದರು. ದೊಡ್ಡಮ್ಮ ಅದನ್ನೆಲ್ಲ ಡಬ್ಬಿಗೆ ಸುರಿದು, ಸಂಜೆಯೊಳಗೆ ಇನ್ಯಾರದೋ ಸೆರಗಿಗೆ ಹಾಕಿ ಕಳಿಸುತ್ತಿದ್ದಳು. ಒಂದು ಸಲ ನನಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಜೇನೆಂದು ಎರಡು ದೊಡ್ಡ ಚಮಚ ನುಂಗಿದೆ. ಅದು ಹರಳೆಣ್ಣೆ! ಎರಡು ದಿನ ಶಾಲೆಯ ಮುಖ ನೋಡಲಿಲ್ಲ. ಮೂರನೆಯ ದಿನ ಚಪ್ಪಟೆ ಸೀಸೆ ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆ.

ಹೀಗಿರುವಾಗ ದೊಡ್ಡಮ್ಮ ಮದುವೆಗೆಂದು ಚಿಂತಾಮಣಿಗೆ ಹೋದಳು. ಮೂರು ದಿನ ಸೀಸೆಗಳ ಉಸ್ತುವಾರಿ ನನ್ನದು. "ಮೇಷ್ಟ್ರು ಅಂತ ಜಂಬ ಮಾಡ್ಬೇಡ. ಬಂದೋರನ್ನ ಕೂರಿಸಿ ಕೇಳು," ಎಂದು ಹೇಳಿ ಹೋಗಿದ್ದಳು. ಎರಡನೆಯ ದಿನ ಯಾರೋ ಪಚ್ಚೆ ಸೀಸೆ ಕೇಳಿಕೊಂಡು ಬಂದರು. ಶಾಲೆಗೆ ಹೊತ್ತಾಗಿತ್ತು. ಅವಸರದಲ್ಲಿ ಗೋಡೆಯ ಗೂಡಿನಿಂದ ಎಳೆದೆ. ಕೈ ಜಾರಿತು. ಊರಿಗೆ ಊರೇ ನಂಬಿದ್ದ ಸೀಸೆ ನನ್ನ ಪಾದದ ಹತ್ತಿರ ಪುಡಿಪುಡಿ!

ಆ ಸಂಜೆ ಗುಜರಿ ಅಂಗಡಿಯಲ್ಲಿ ಮೂಟೆಗಳನ್ನೆಲ್ಲ ಕೆಳಗೆ ಸುರಿಸಿ ಹುಡುಕಿದೆ. ಕಡೆಗೆ ಒಂದು ಸಿಕ್ಕಿತು. ಅದೇ ಬಣ್ಣ, ಅದೇ ಎತ್ತರ, ಕತ್ತಿನ ಹತ್ತಿರ ಗಾಜಿನಲ್ಲಿ ಸಣ್ಣದೊಂದು ಗುಳ್ಳೆ ಮಾತ್ರ ಹೆಚ್ಚು. ತೊಳೆದು ಗೂಡಿನಲ್ಲಿಟ್ಟೆ. ದೊಡ್ಡಮ್ಮ ಬಂದವಳೇ ಗೂಡಿನ ಹತ್ತಿರ ಹೋಗಿ, ಆ ಸೀಸೆ ಎತ್ತಿ ಬೆಳಕಿಗೆ ಹಿಡಿದಳು. "ಮದುವೇಲಿ ಚಿರೋಟಿ ಚೆನ್ನಾಗಿತ್ತು ಕಣೋ," ಎಂದು ಅದನ್ನು ಅಲ್ಲೇ ಇಟ್ಟಳು. ಅಷ್ಟೇ! ಗುಜರಿ ಸೀಸೆಯಲ್ಲೂ ಜನರ ಜ್ವರ ಮೊದಲಿನ ಹಾಗೆಯೇ ಬಿಡುತ್ತಿತ್ತು. ನಾನು ಒಳಗೊಳಗೇ ನಗುತ್ತಿದ್ದೆ. ದೊಡ್ಡಮ್ಮನಿಗೇ ಟೋಪಿ ಹಾಕಿದೆನಲ್ಲ ಎಂಬ ಹೆಮ್ಮೆ ಬೇರೆ.

ಆ ವರ್ಷದ ಚಳಿಗಾಲದಲ್ಲಿ ದೊಡ್ಡಮ್ಮನಿಗೇ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬಿಸಿ. ಸೀರೆಯ ಸೆರಗು ಬಾಯಿಗೊತ್ತಿಕೊಂಡು ಕೆಮ್ಮುವಳು, ಕೇಳಿದರೆ "ಒಗ್ಗರಣೆ ಘಾಟು" ಎನ್ನುವಳು. ಒಲೆಯೇ ಹಚ್ಚದ ಹೊತ್ತಿನಲ್ಲಿ ಒಗ್ಗರಣೆ ಎಲ್ಲಿಂದ ಬಂತು? ಆಸ್ಪತ್ರೆಗೆ ಹೋಗೋಣ ಎಂದರೆ ದಿನಕ್ಕೊಂದು ನೆಪ.

"ಯಾರಾದ್ರೂ ಸೀಸೆ ಕೇಳ್ಕೊಂಡು ಬಂದ್ರೆ?"

"ನಾನು ಕೊಡ್ತೀನಿ."

"ನೀನು ಕೊಡೋದು ನಂಗೆ ಗೊತ್ತಿಲ್ವಾ!"

ಕೆನ್ನೆ ಒಳಗೆ ಹೋಯಿತು. ಬಾವಿಯಿಂದ ಒಂದು ಕೊಡ ನೀರು ಸೇದಿ, ಗೋಡೆ ಹಿಡಿದು ನಿಲ್ಲುವ ಹಾಗಾಯಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಬೈದೆ, ಬೇಡಿಕೊಂಡೆ, ಊಟ ಬಿಟ್ಟೆ; ಅನ್ನಕ್ಕೆ ತುಪ್ಪ ಹಾಕಿ ಮುಂದಿಟ್ಟದ್ದರಿಂದ ಅರ್ಧ ಗಂಟೆಗೇ ಸೋತೆ. ಕಡೆಗೆ ಒಂದು ಭಾನುವಾರ ಬೆಳಿಗ್ಗೆ ಸಿಟ್ಟು ಬಂದು ಪಚ್ಚೆ ಸೀಸೆ ಎತ್ತಿಕೊಂಡು ಹೋಗಿ, ಜಗಲಿಯ ಮೇಲೆ ಆಕೆ ಕೂರುವ ಜಾಗದಲ್ಲಿ ನಾನು ಕುಳಿತೆ. ಬಿಸಿಲಿಗೆಂದು ಹೊರಗೆ ಬಂದವಳನ್ನು ಎದುರಿಗೆ ಕೂರಿಸಿದೆ.

"ಯಾರಿಗಮ್ಮ ಸೀಸೆ?" ಎಂದೆ, ಅವಳದೇ ಧಾಟಿಯಲ್ಲಿ.

ದೊಡ್ಡಮ್ಮ ನಕ್ಕಳು. "ನಮ್ಮನೇಲಿ ಒಬ್ಬ ಮುದುಕಿ ಇದಾಳೆ, ಅವಳಿಗೆ."

"ಏನು ಕಾಯಿಲೆ?"

"ಕೆಮ್ಮು. ಕೊಬ್ಬು."

"ಎಷ್ಟು ದಿನದಿಂದ?"

"ಆಯ್ತು, ಇಪ್ಪತ್ತೈದು ದಿನ."

"ರಾತ್ರಿ ಜಾಸ್ತೀನಾ, ಹಗಲು ಜಾಸ್ತೀನಾ?"

"ರಾತ್ರಿ..." ಎಂದವಳು ಅಲ್ಲಿಗೇ ನಿಂತಳು. ನಗು ಹೋಗಿತ್ತು. "ರಾತ್ರಿ ಕಣೋ. ಮಲಗಿದ್ರೆ ಎದೆ ಹಿಡ್ಕೊಳ್ಳುತ್ತೆ. ಗೋಡೆಗೆ ಒರಗಿ ಕೂತಿರ್ತೀನಿ. ಭಯ ಆಗುತ್ತೆ."

ಇಷ್ಟು ವರ್ಷ ಊರಿನವರನ್ನೆಲ್ಲ ಕೂರಿಸಿ ಕೇಳಿದವಳನ್ನು ಒಂದು ದಿನವೂ ಯಾರೂ ಕೂರಿಸಿ ಕೇಳಿರಲಿಲ್ಲ. ಒಂದೇ ಮನೆಯಲ್ಲಿದ್ದ ನಾನೂ ಬೈದಿದ್ದೆನೇ ಹೊರತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಸೀಸೆಯನ್ನು ಅವಳ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಒಗೆದ ಸೀರೆ ಉಟ್ಟುಕೊಂಡು ಬಂದಳು.

"ಇನ್ನೊಂದು ವಾರ ಬಿಟ್ಟಿದ್ರೆ ನಾನು ಏನೂ ಮಾಡೋ ಹಾಗಿರಲಿಲ್ಲ," ಎಂದರು ಡಾಕ್ಟರು. ದಿನಾ ಇಂಜೆಕ್ಷನ್ನು, ಮೂರು ಹೊತ್ತು ಕೆಂಪು ನೀರು. ಕಾಂಪೌಂಡರು ಸೀಸೆ ನೋಡಿಯೇ ಗುರುತು ಹಿಡಿದು, "ಇವತ್ತು ಯಾರಿಗೆ ತಾಯಿ?" ಎಂದರು. "ನಂಗೇ ಕಣಪ್ಪ," ಎಂದಳು, ತಪ್ಪು ಮಾಡಿದವಳ ಹಾಗೆ. ಆ ದಿನ ಅವರು ಕಾಗದದ ಪಟ್ಟಿಯನ್ನು ಎರಡು ಸಲ ಅಳೆದು ಕತ್ತರಿಸಿದರು.

ಒಂದೂವರೆ ತಿಂಗಳಿಗೆ ಕೆಮ್ಮು ನಿಂತಿತು. ಒಂದು ಸಂಜೆ ಶಾಲೆಯಿಂದ ಬಂದರೆ ದೊಡ್ಡಮ್ಮ ಪಚ್ಚೆ ಸೀಸೆಯನ್ನು ನನ್ನ ಮುಂದಿಟ್ಟಳು. ಕತ್ತಿನವರೆಗೂ ಸಕ್ಕರೆ!

"ತಗೋಪ್ಪ, ನಿನ್ನ ಸೀಸೆ."

"ನಂದಾ?"

"ಗುಜರಿಯಿಂದ ತಂದಿದ್ದು ನೀನೇ ಅಲ್ವಾ? ಕತ್ತಿನ ಹತ್ರ ಗುಳ್ಳೆ ಇದೆ ನೋಡು."

ನನ್ನ ಮುಖ ಏನಾಗಿರಬೇಕು ಹೇಳಿ! "ಮತ್ತೆ ಅವತ್ತೇ ಯಾಕೆ ಬೈಲಿಲ್ಲ?"

"ಹೆಂಗೆ ಬೈಲಿ? ನೀನು ಒಡೆದಿದ್ದು ಮೂರನೇದು. ಮೊದಲಿನ ಎರಡೂ ನಾನೇ ಒಡೆದಿದ್ದೆ."

"ಹಾಗಾದ್ರೆ ಸೀಸೆ ಗುಣ ಅಂತ ಊರೋರೆಲ್ಲ..."

"ಸೀಸೆಗೆ ಎಂಥ ಗುಣನೋ, ಮೇಷ್ಟ್ರಾಗಿ! ಆಸ್ಪತ್ರೆಗೆ ಹೋಗು ಅಂದ್ರೆ ಯಾರೂ ಹೋಗಲ್ಲ. ಕೂರಿಸಿ ಕೇಳಿ, ಖಾಲಿ ಸೀಸೆ ಕೈಗೆ ಕೊಟ್ರೆ, ತುಂಬಿಸ್ಬೇಕಲ್ಲ ಅಂತಾದ್ರೂ ಹೋಗ್ತಾರೆ. ನಾನು ಹೋಗ್ಲಿಲ್ವಾ?"

ಸಕ್ಕರೆ ಆಗ ರೇಷನ್ ಕಾರ್ಡಿಗೆ ಅಳೆದು ಕೊಡುವ ವಸ್ತು. ಇಷ್ಟೊಂದು ಎಲ್ಲಿಂದ ಬಂತೆಂದು ಯೋಚಿಸುವಾಗ ನೆನಪಾಯಿತು: ಒಂದೂವರೆ ತಿಂಗಳಿಂದ ದೊಡ್ಡಮ್ಮನ ಲೋಟದಲ್ಲಿ ಬೆಲ್ಲದ ಕಾಫಿ. "ಕೆಮ್ಮಿಗೆ ಬೆಲ್ಲವೇ ಒಳ್ಳೇದು" ಎಂದಿದ್ದಳು, ನಾನು ನಂಬಿದ್ದೆ. ಸೀಸೆಯನ್ನು ಬರಿದಾಗಿ ವಾಪಸ್ ಕೊಡಬಾರದಲ್ಲ!

ನನಗೆ ಅಳು ಬಂತು. ಸೀಸೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಸಕ್ಕರೆಯನ್ನು ಡಬ್ಬಿಗೆ ಸುರಿದು, ಒಂದು ಲೋಟ ಕಾಫಿಗೆ ಮೂರು ಚಮಚ ಹಾಕಿ ತಂದು ಅವಳ ಕೈಗಿಟ್ಟೆ. ಅಷ್ಟರಲ್ಲಿ ಹೊರಗಿನಿಂದ ಯಾರೋ "ಅಮ್ಮಾ, ಸೀಸೆ ಇದೆಯಾ?" ಎಂದು ಕೂಗಿದರು. ದೊಡ್ಡಮ್ಮ ಏಳಹೋದಳು.

"ನೀನು ಕುಡಿ ದೊಡ್ಡಮ್ಮ," ಎಂದು ಹೇಳಿ ನಾನು ಜಗಲಿಗೆ ಹೋದೆ. "ಕೂತ್ಕೊಳಮ್ಮ. ಯಾರಿಗೆ? ಎಷ್ಟು ದಿನದಿಂದ?"