ಮಗನನ್ನು ಹೊತ್ತು ನಡೆದ ಹೆಣ

ನಾಟಕದಲ್ಲಿ ಸಾಯುವುದರಷ್ಟು ಸುಲಭವಾದ ಕೆಲಸ ಈ ಭೂಮಿಯ ಮೇಲೆ ಬೇರೊಂದಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಮಲಗಬೇಕು, ಕಣ್ಣು ಮುಚ್ಚಬೇಕು, ಸುಮ್ಮನಿರಬೇಕು. ಇದಕ್ಕೆ ತರಬೇತಿ ಯಾಕೆ?

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ವೃತ್ತಿಯಿಂದ ಕುಸ್ತಿಯವನು. ಬಂಟ್ವಾಳದ ಸಂಜೀವ ಪೈಲ್ವಾನ್ ಎಂದರೆ ಟಿಕೇಟು ತೆಗೆದುಕೊಂಡು ಜನ ನೋಡಲು ಬರುತ್ತಿದ್ದರು. ಹನ್ನೊಂದು ವರ್ಷ ಊರೂರು ತಿರುಗಿ ಕುಸ್ತಿ ಮಾಡಿದೆ. ನನ್ನ ಬೆನ್ನನ್ನು ನೆಲಕ್ಕೆ ತಾಗಿಸಿದವನು ಒಬ್ಬನೂ ಇರಲಿಲ್ಲ. ಕೊನೆಗೆ ಹುಬ್ಬಳ್ಳಿಯ ಕಣದಲ್ಲಿ ಬಲ ಮೊಣಕಾಲು ತಿರುಚಿಕೊಂಡಿತು. ಡಾಕ್ಟರು ಕಾಲನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. “ಇನ್ನು ಕುಸ್ತಿ ಬೇಡ. ಆಸೆಯಾದರೆ ಟಿಕೇಟು ತೆಗೆದುಕೊಂಡು ನೋಡಿ” ಎಂದರು.

ಮೂವತ್ತಮೂರರ ಪ್ರಾಯದಲ್ಲಿ ಮನೆಯಲ್ಲಿ ಕುಳಿತೆ. ಹೆಂಡತಿ ಲಲಿತ ಬೀಡಿ ಕಟ್ಟುತ್ತಿದ್ದಳು. ಗಂಡಸು ಸುಮ್ಮನೆ ಕೂರಬಾರದೆಂದು ನಾನೂ ಸಹಾಯಕ್ಕೆ ಕುಳಿತೆ. ನಾನು ಮುಟ್ಟಿದ ಎಲೆಗಳೆಲ್ಲ ಹರಿದವು. ಮೂರನೆಯ ದಿನ ಅವಳು ನನ್ನ ಮುಂದಿದ್ದ ಮೊರವನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಅದೇ ವಾರ ಮೂಡಬಿದ್ರೆಯಲ್ಲಿ ಒಂದು ನಾಟಕ ಕಂಪೆನಿ ಡೇರೆ ಹಾಕಿದೆ ಎಂದು ಗೊತ್ತಾಯಿತು.

“ನಾನು ನಾಟಕಕ್ಕೆ ಸೇರ್ತೇನೆ” ಎಂದೆ.

“ನೀವಾ?” ಲಲಿತ ಕತ್ತರಿ ಕೆಳಗಿಟ್ಟಳು. “ನಿಮಗೆ ಒಂದು ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ ಮಾರಾಯ್ರೆ. ಮೊನ್ನೆ ಬೆಲ್ಲ ತಿಂದದ್ದು ಯಾರು ಅಂತ ನಾನು ಕೇಳುವ ಮೊದಲೇ ಬಾಯಿ ಒರೆಸಿಕೊಂಡಿರಿ!”

“ಅದು ಬೇರೆ, ಇದು ಕಲೆ” ಎಂದು ನಾನು ಗಂಭೀರವಾಗಿ ಹೇಳಿ ಬಸ್ಸು ಹತ್ತಿದೆ.

ಕಂಪೆನಿಯ ಯಜಮಾನರು ವಾಸುದೇವಯ್ಯ. ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದು ನೋಡಿ ಸಂತೋಷಪಟ್ಟರು. ಧಣಿಯ ಗೂಂಡಾನ ಪಾತ್ರ ನನಗೇ ಎಂದು ಅಲ್ಲೇ ತೀರ್ಮಾನವಾಯಿತು. ನನ್ನ ಕರ್ತವ್ಯ ಇಷ್ಟೆ: ನಾಯಕ ಒಂದು ಗುದ್ದು ಕೊಡುತ್ತಾನೆ, ನಾನು ಬೀಳಬೇಕು.

ನಾಯಕನಟ ರತ್ನಾಕರ ನೋಡಲು ಬಹಳ ಸುಂದರ. ಆದರೆ ನನ್ನ ಹೆಗಲಿಗೂ ಬರುತ್ತಿರಲಿಲ್ಲ. ಅಂಗಿಯೊಳಗೆ ಹತ್ತಿ ತುಂಬಿಕೊಂಡು ಎದೆ ಉಬ್ಬಿಸುತ್ತಿದ್ದ. ಅಭ್ಯಾಸದ ದಿನ ಅವನು “ಎಲವೋ ದುಷ್ಟ!” ಎಂದು ಕೈ ಎತ್ತಿದ. ನಾನು ಬೀಳಬೇಕೆಂದೇ ನಿಂತಿದ್ದೆ, ದೇವರಾಣೆ! ಆದರೆ ಹನ್ನೊಂದು ವರ್ಷದ ಕೈಗಳು ನನ್ನನ್ನು ಕೇಳಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ನಾಯಕ ನನ್ನ ಹೆಗಲ ಮೇಲಿದ್ದ.

“ಇಳಿಸಿ ಪೈಲ್ವಾನರೇ, ಇಳಿಸಿ! ನಾನು ನಾಯಕ!” ಎಂದು ಮೇಲಿನಿಂದ ಕೂಗಿದ.

ಇಳಿಸಿದೆ. ಆದರೆ ಇಳಿದವನು, ಈ ಮನುಷ್ಯ ನಿಂತುಕೊಂಡಿರುವ ಯಾವ ದೃಶ್ಯದಲ್ಲಿಯೂ ತಾನು ಕಾಲಿಡುವುದಿಲ್ಲ ಎಂದು ಹಟ ಹಿಡಿದ.

ವಾಸುದೇವಯ್ಯನವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಹಾಗಾದರೆ ಮಲಗುವ ಪಾತ್ರ ಕೊಡುವ. ಮಲಗಿದವ ಯಾರನ್ನು ಎತ್ತುತ್ತಾನೆ?”

ಹೀಗೆ ನಾನು ನಾಯಕನ ಅಪ್ಪನಾದೆ. ಕ್ಷಯರೋಗದಿಂದ ಸೊರಗಿ, ಎರಡು ತಿಂಗಳಿಂದ ಗಂಜಿಯಿಲ್ಲದೆ ಹಾಸಿಗೆ ಹಿಡಿದಿರುವ ಬಡ ಅಪ್ಪ! ಮುಖಕ್ಕೆ ಬೂದಿ ಬಣ್ಣ ಬಳಿದರು. ಕಣ್ಣ ಸುತ್ತ ಕಪ್ಪು ಹಚ್ಚಿದರು. ಕತ್ತಿನಿಂದ ಕೆಳಗೆ ಏನು ಮಾಡಬಹುದೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಎರಡು ಕಂಬಳಿ ಹೊದಿಸಿದರು.

ಮೊದಲ ಪ್ರದರ್ಶನದ ದಿನ ಬಂಟ್ವಾಳದಿಂದ ನನ್ನ ಅಭಿಮಾನಿಗಳು ಒಂದು ಬಸ್ಸು ತುಂಬ ಬಂದಿದ್ದರು. ಲಲಿತಳೂ ಅದರಲ್ಲಿದ್ದಳು. ನನ್ನನ್ನು ನೋಡಿ ಡೇರೆಯಲ್ಲಿದ್ದ ಹೆಂಗಸರೆಲ್ಲ ಅಳಬೇಕು, ಅವರೊಂದಿಗೆ ಲಲಿತಳೂ ಅಳಬೇಕು ಎಂಬುದು ನನ್ನ ಮಹದಾಸೆ.

ಪರದೆ ಎದ್ದಿತು. ನಾನು ಮನಸ್ಸಿಟ್ಟು ಕೆಮ್ಮಿದೆ. ಮಂಚದ ಒಂದು ಕಾಲು ಮುರಿಯಿತು.

ಗಾಬರಿಯಾಗಲಿಲ್ಲ. ಓರೆಯಾದ ಮಂಚದ ಮೇಲೆಯೇ “ಮಗನೇ, ನನ್ನ ಮೈಯಲ್ಲಿ ಇನ್ನು ಶಕ್ತಿಯಿಲ್ಲ” ಎಂದು ಕ್ಷೀಣ ಸ್ವರದಲ್ಲಿ ಹೇಳಿದೆ. ಅಷ್ಟರಲ್ಲಿ ಕಂಬಳಿ ಜಾರಿ ನನ್ನ ತೋಳು ಹೊರಗೆ ಬಂದಿತು. ಡೇರೆಯ ಹಿಂದಿನ ಸಾಲಿನಿಂದ ಯಾರೋ, “ಶಕ್ತಿ ಇಲ್ವಂತೆ ಮಾರಾಯ! ಇದ್ದಿದ್ರೆ ಹೇಗೆ ಉಂಟೋ!” ಎಂದರು. ಜನ ನಕ್ಕರು.

ಇನ್ನು ತಡ ಮಾಡಬಾರದೆಂದು ನಾನು ಎರಡು ಮಾತು ಬಿಟ್ಟು, ಮೊದಲೇ ಸತ್ತೆ.

ನಾಟಕದ ಪ್ರಕಾರ ಮಗ ಅಪ್ಪನ ಹೆಣವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸಮಾಜವನ್ನು ಪ್ರಶ್ನಿಸುತ್ತ ಹೊರಗೆ ನಡೆಯಬೇಕು. ನನಗಿಂತ ಮೊದಲು ಅಪ್ಪನ ಪಾತ್ರ ಮಾಡುತ್ತಿದ್ದವನು ಒಣಕಲು ಮುದುಕ. ಈ ಅಪ್ಪನ ತೂಕದ ವಿಷಯ ಮೊದಲೇ ಯಾರಿಗೂ ಹೊಳೆದಿರಲಿಲ್ಲ. ರತ್ನಾಕರ ಒಮ್ಮೆ ಎಳೆದ. ಮತ್ತೊಮ್ಮೆ ಎಳೆದ. ಬೆವರು ನನ್ನ ಹಣೆಯ ಮೇಲೆ ತೊಟ್ಟಿಕ್ಕಿತು.

“ಸ್ವಲ್ಪ ಏಳಿ” ಎಂದು ಪಿಸುಗುಟ್ಟಿದ.

“ಸತ್ತಿದ್ದೇನಲ್ಲ” ಎಂದೆ.

“ಅರ್ಧ ಏಳಿ ಸಾಕು!”

ಹೆಣ ಅರ್ಧ ಎದ್ದಿತು. ಅವನು ನನ್ನ ಸೊಂಟಕ್ಕೆ ಕೈ ಹಾಕಿ ಎತ್ತಲು ಹೋಗಿ ಜಾರಿದ. ಇಬ್ಬರೂ ಬಿದ್ದೆವು. ನಾನು ಕೆಳಗೆ, ಅವನು ನನ್ನ ಎದೆಯ ಮೇಲೆ. ನನ್ನ ಬೆನ್ನು ನೆಲಕ್ಕೆ!

ಬಂಟ್ವಾಳದವರೆಲ್ಲ ಒಟ್ಟಿಗೆ ಎದ್ದು ನಿಂತು ಕೂಗಿದರು: “ಏಳಿ ಪೈಲ್ವಾನರೇ! ಬಿಡಬೇಡಿ!”

ಹುಬ್ಬಳ್ಳಿಯಲ್ಲಿ ಮೊಣಕಾಲು ತಿರುಚಿದಾಗಲೂ ನೆಲ ಕಾಣದ ಬೆನ್ನು ಅದು. ಹತ್ತಿ ತುಂಬಿದ ಎದೆಯವನಿಂದ, ಅದೂ ನನ್ನ ಊರಿನವರ ಮುಂದೆ! ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ಹೆಣ ಮಗ್ಗುಲು ತಿರುಗಿತು. ಹೆಣ ಎದ್ದು ನಿಂತಿತು. ಮಗನನ್ನು ಹೆಗಲ ಮೇಲೆ ಹಾಕಿಕೊಂಡು, ಕುಂಟುತ್ತ, ಸಭೆಗೆ ಒಂದು ಸುತ್ತು ಕೈಮುಗಿದು, ಒಳಗೆ ನಡೆಯಿತು.

ಪರದೆ ಬಿದ್ದ ಮೇಲೆ ವಾಸುದೇವಯ್ಯನವರು ತಲೆಯ ಮೇಲೆ ಕೈಯಿಟ್ಟು ಪೆಟ್ಟಿಗೆಯ ಮೇಲೆ ಕುಳಿತಿದ್ದರು. ನಾನು ಬಣ್ಣ ಒರೆಸದೆಯೇ ಕ್ಷಮೆ ಕೇಳಿ ಹೊರಗೆ ಬಂದೆ. ಲಲಿತ ಕಾಯುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

“ಅತ್ತೆಯಾ?” ಎಂದು ಆಸೆಯಿಂದ ಕೇಳಿದೆ.

“ಹೊಟ್ಟೆ ಹಿಡಿದುಕೊಂಡು” ಎಂದಳು.

ಮರುದಿನ ಗಂಟು ಕಟ್ಟಿಕೊಂಡು ಹೊರಟವನನ್ನು ಯಜಮಾನರೇ ತಡೆದರು. ಟಿಕೇಟಿನ ಕಿಟಕಿಯ ಮುಂದೆ ಜನ ನಿಂತಿದ್ದರು. ಎಲ್ಲರಿಗೂ, ಹೆಣ ಮಗನನ್ನು ಹೊತ್ತುಕೊಂಡು ಹೋಗುವ ನಾಟಕವೇ ಬೇಕಂತೆ! ರತ್ನಾಕರನೂ ಕೊಂಚ ಮುಖ ಊದಿಸಿಕೊಂಡು ಒಪ್ಪಿದ. ಅವನಿಗೆ ಎತ್ತುವ ಕೆಲಸ ತಪ್ಪಿತ್ತು.

ಹೀಗೆ ನಾನು ಹಾಸ್ಯನಟನಾದೆ. ಒಂಬತ್ತು ವರ್ಷ ವಿಟ್ಲ, ಬೆಳ್ತಂಗಡಿ, ಕಕ್ಕಿಂಜೆ ಎಂದು ಡೇರೆ ಹೋದಲ್ಲೆಲ್ಲ ಸತ್ತೆ. ಮನೆ ನಡೆಯಿತು. ಆದರೆ ಒಬ್ಬರನ್ನಾದರೂ ಅಳಿಸಬೇಕೆಂಬ ಆಸೆ ಹೋಗಲಿಲ್ಲ. ಪ್ರತಿ ಸಲವೂ ಸಾಯುವ ಮೊದಲಿನ ಎರಡು ಮಾತನ್ನು ಮನಸ್ಸು ಕರಗುವಂತೆ ಹೇಳುತ್ತಿದ್ದೆ. ಪ್ರತಿ ಸಲವೂ ನಗುತ್ತಿದ್ದರು.

ಬೆಳ್ತಂಗಡಿಯಲ್ಲಿ ಒಂದು ದಿನ, ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಮಂಚದ ಮೇಲಿನಿಂದಲೇ ಕಂಡೆ. ಅಕ್ಕಪಕ್ಕದವರೆಲ್ಲ ನಗುತ್ತಿದ್ದರು, ಅವರು ನಿಜವಾಗಿ ಅಳುತ್ತಿದ್ದರು! ಅಂದು ಎಂದಿಗಿಂತ ಚೆನ್ನಾಗಿ ಸತ್ತೆ. ನಾಟಕ ಮುಗಿದದ್ದೇ, ಬೂದಿ ಬಣ್ಣದ ಮುಖದಲ್ಲೇ ಅವರ ಬಳಿಗೆ ಓಡಿದೆ.

“ಅಮ್ಮಾ, ನನ್ನ ಪಾತ್ರ ನೋಡಿ ನಿಮಗೆ ಅಷ್ಟು ದುಃಖವಾಯಿತೇ?”

“ನಿಮ್ಮ ಪಾತ್ರವಾ?” ಅಜ್ಜಿ ಮೂಗೆಳೆದರು. “ನಾನು ಎಲ್ಲಿ ನೋಡಿದ್ದು ಮಗಾ? ನಾಟಕ ಶುರುವಾಗುವಾಗಲೇ ನನ್ನ ಒಂದು ಕಿವಿಯ ಓಲೆ ಹೊಯಿಗೆಯಲ್ಲಿ ಬಿದ್ದು ಹೋಯ್ತು. ಅಮ್ಮ ಕೊಟ್ಟದ್ದು.”

ನಾನು ಅಲ್ಲೇ ಮರಳಿನಲ್ಲಿ ಕೂತು ಬೆರಳಿನಿಂದ ಕೆದಕಿದೆ. ಬೆಂಚಿನ ಅಡಿಯಲ್ಲಿ ಓಲೆ ಸಿಕ್ಕಿತು. ಒರೆಸಿ ಅವರ ಕೈಯಲ್ಲಿಟ್ಟೆ. ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಲೆ ಹಾಕಿಕೊಂಡು, ಮೊದಲ ಸಲ ತಲೆಯೆತ್ತಿ ನನ್ನ ಮುಖವನ್ನು ಸರಿಯಾಗಿ ನೋಡಿದರು.

ನಕ್ಕುಬಿಟ್ಟರು.